ವೆನಿಲ್ಲಾ ಬೆಳೆಗಾರರ ಮೊಬೈಲಿಗೂ ಸಲಹೆ ತಲುಪಲಿ

ಮಾನ್ಯರೇ,

2003-04ರ ಸುಮಾರಿಗೆ ಹಸಿ ವೆನಿಲ್ಲಾ ಕೋಡಿಗೆ ಕಿಲೋಗೆ ಸಾವಿರಾರು ರೂಪಾಯಿ ಸಿಕ್ಕಿದ್ದನ್ನೂ, ಆ ಬಳಿಕ ಬೆಲೆ ನೆಲಕಚ್ಚಿ ಎಷ್ಟೋ ಮಂದಿ ಬಳ್ಳಿಯನ್ನೇ ಕಿತ್ತೆಸೆದದ್ದನ್ನೂ ಮಲೆನಾಡು, ಕರಾವಳಿಯ ಬೆಳೆಗಾರರು ಮರೆತಿಲ್ಲ. ಈಗಲೂ ಅಡಿಕೆ ತೋಟದ ನಡುವೆ ಒಂದಿಷ್ಟು ಬಳ್ಳಿ ಉಳಿಸಿಕೊಂಡಿರುವ ನಮ್ಮಂಥವರಿಗೆ ಬೇಕಾಗಿರುವುದು ಸಕಾಲದ ಸಲಹೆ.

ವೆನಿಲ್ಲಾ ಹೂವು ಅರಳಿರುವುದು ಒಂದೇ ದಿನ. ಬೆಳಗಿನ ಹೊತ್ತಿನಲ್ಲೇ ಚೂಪು ಕಡ್ಡಿಯಿಂದ ಹೂವಿನೊಳಗಿನ ತೆಳು ಪೊರೆಯನ್ನು ಮೇಲೆತ್ತಿ, ಪರಾಗವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತದಿದ್ದರೆ ಕೋಡು ಕಟ್ಟುವುದಿಲ್ಲ. ಈ ಕೈಕೆಲಸವನ್ನು ಅಚ್ಚಾದ ಕೈಪಿಡಿಗಿಂತ ಎರಡು ನಿಮಿಷದ ಕನ್ನಡ ವಿಡಿಯೊ ಚೆನ್ನಾಗಿ ಕಲಿಸುತ್ತದೆ.

ರೋಗದ ವಿಷಯದಲ್ಲಂತೂ ತಡವಾದಷ್ಟೂ ನಷ್ಟ ಹೆಚ್ಚು. ಕಳೆದ ಮಳೆಗಾಲದಲ್ಲಿ ನಮ್ಮ ತೋಟದ ಬಳ್ಳಿಯ ಗೆಣ್ಣಿನಲ್ಲಿ ಕಂದು ಕಲೆ ಕಾಣಿಸಿದಾಗ, ಅದನ್ನು ಕತ್ತರಿಸಿಕೊಂಡು ಪೇಟೆಯ ಕಚೇರಿಗೆ ಎರಡು ಬಾರಿ ಅಲೆದು ಬರುವಷ್ಟರಲ್ಲಿ ಕೊಳೆ ಪಕ್ಕದ ಬಳ್ಳಿಗಳಿಗೂ ಹಬ್ಬಿತ್ತು. ಫೋಟೊ ನೋಡಿ ಅದೇ ದಿನ ಉತ್ತರಿಸುವ ತಜ್ಞರೊಬ್ಬರು ವಾಟ್ಸ್‌ಆ್ಯಪ್‌ನಲ್ಲಿ ಸಿಕ್ಕಿದ್ದರೆ ಅಷ್ಟೂ ಬಳ್ಳಿ ಕಳೆದುಕೊಳ್ಳಬೇಕಿರಲಿಲ್ಲ.

ಸಂಬಾರ ಮಂಡಳಿ ಮತ್ತು ತೋಟಗಾರಿಕೆ ಇಲಾಖೆ ಒಟ್ಟಾಗಿ ಇಂಥ ವ್ಯವಸ್ಥೆಯನ್ನು ರೂಪಿಸಬೇಕು. ಇಂಟರ್‌ನೆಟ್ ಸರಿಯಾಗಿ ಸಿಗದ ಊರುಗಳೇ ಇಲ್ಲಿ ಹೆಚ್ಚಾಗಿರುವುದರಿಂದ, ಹೊಸ ಆ್ಯಪ್ ಒಂದನ್ನೇ ನೆಚ್ಚದೆ, ಸಾಧಾರಣ ಫೋನಿಗೂ ಧ್ವನಿ ಕರೆಯ ಮೂಲಕ ಸಲಹೆ ತಲುಪಿಸಬೇಕು. ಕೊಯ್ಲಿನ ಕಾಲದಲ್ಲಿ ಹಸಿ ಕೋಡು ಮತ್ತು ಸಂಸ್ಕರಿಸಿದ ಕೋಡಿನ ದರವನ್ನು ಪ್ರತಿ ವಾರ ತಿಳಿಸಿದರೆ, ಮನೆ ಬಾಗಿಲಿಗೆ ಬರುವ ವ್ಯಾಪಾರಿ ಹೇಳಿದ ಬೆಲೆಗೇ ಮಾರುವುದು ತಪ್ಪುತ್ತದೆ.

— ಒಬ್ಬ ಸಣ್ಣ ಬೆಳೆಗಾರ, ಶಿರಸಿ ತಾಲ್ಲೂಕು