ಕಣ್ಣು ಅಳೆಯದೆ ಲೇಸರ್‌ಗೆ ‘ಫಿಟ್’ ಅಂದವರು ಯಾರು?

ಮಾನ್ಯರೇ,

ಕನ್ನಡಕ ಬಿಡಿಸುವ ಲೇಸರ್ ಆಪರೇಷನ್‌ಗೆ ಕಣ್ಣು ನೋಡುವ ಶಿಬಿರ ನಮ್ಮೂರಲ್ಲಿ ಮತ್ತೆ ನಡೆಯಲಿದೆ ಎಂಬ ಮಂಗಳವಾರದ ವರದಿ ಓದಿ ಮೈಯೆಲ್ಲಾ ಉರಿಯಿತು. ಹೋದ ತಿಂಗಳು ಅದೇ ಸಾಲಿನಲ್ಲಿ ನನ್ನ ಮಗಳೂ ನಿಂತಿದ್ದಳು.

ಅವಳಿಗೆ ಮೈನಸ್ 7 ಪವರ್. ಹಾಕಿಕೊಂಡು ಬಂದಿದ್ದ ಕಾಂಟ್ಯಾಕ್ಟ್ ಲೆನ್ಸ್ ಅಲ್ಲೇ ತೆಗೆಸಿ, ಒಂದು ಮೆಷಿನ್ ಮೇಲೆ ಗಲ್ಲ ಇಡಿಸಿ, ಎರಡೇ ನಿಮಿಷದಲ್ಲಿ ‘ಫಿಟ್’ ಅಂದರು. ಈ ವಾರವೇ ಮಾಡಿಸಿದರೆ ರಿಯಾಯಿತಿ ಅಂತ 5,000 ರೂಪಾಯಿ ಅಡ್ವಾನ್ಸ್ ಕಟ್ಟಿಸಿಕೊಂಡರು.

ನನಗ್ಯಾಕೋ ಸಮಾಧಾನ ಆಗಲಿಲ್ಲ. ಧೋ ಅಂತ ಸುರಿಯುವ ಮಳೆಯಲ್ಲಿ ಬೆಳಗಿನ ಐದೂವರೆ ಬಸ್ಸಿಗೆ ಮೈಸೂರಿಗೆ ಹೋದೆವು. ಅಲ್ಲಿನ ಡಾಕ್ಟರ್ ಮೊದಲು ಕೇಳಿದ್ದೇ ‘ಲೆನ್ಸ್ ಬಿಟ್ಟು ಎಷ್ಟು ದಿನ ಆಯ್ತು?’ ಅಂತ. ಲೆನ್ಸ್ ಒತ್ತಿ ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದ, ಆಕಾರ ಬದಲಾಗಿರುತ್ತದೆ, ಒಂದೆರಡು ವಾರ ಬಿಡದೆ ಅಳೆದರೆ ಲೆಕ್ಕ ತಪ್ಪುತ್ತದೆ ಅಂತ ವಾಪಸ್ ಕಳಿಸಿದರು. ನಿನ್ನೆ ಮತ್ತೆ ಹೋದೆವು. ಅದೇ ಮಳೆ, ಅದೇ ಗುಂಡಿ ರಸ್ತೆ. ಎರಡೂ ದಿನ ತೋಟದ ಕೆಲಸ ಕೆಟ್ಟಿತು.

ಸ್ಕ್ಯಾನ್‌ನಲ್ಲಿ ಅವಳ ಕಾರ್ನಿಯಾದ ದಪ್ಪ 455 ಮೈಕ್ರಾನ್ ಬಂತು (ಒಂದು ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ). ಸಾಮಾನ್ಯವಾಗಿ 540ರ ಆಸುಪಾಸು ಇರುತ್ತದೆ. ಶಿಬಿರದವರ ಕರಪತ್ರದ ಹಿಂಬದಿಯಲ್ಲೇ ಡಾಕ್ಟರ್ ಲೆಕ್ಕ ಬರೆದು ತೋರಿಸಿದರು. ಮೇಲಿನ ಪದರ ಎತ್ತುವುದಕ್ಕೆ 110. ಮೈನಸ್ 7 ತೆಗೆಯಲು ಸುಮಾರು 100. ಉಳಿಯುವುದು 245. ಕಡಿಮೆ ಅಂದರೂ 250 ಉಳಿಯಲೇಬೇಕು, ಇಲ್ಲದಿದ್ದರೆ ಕಾರ್ನಿಯಾ ಸಡಿಲವಾಗಿ ಉಬ್ಬಿಕೊಳ್ಳುವ ಅಪಾಯವಿದೆ. 245ರ ಕೆಳಗೆ ಅವರು ಎರಡು ಗೆರೆ ಎಳೆದರು. ಮಗಳು ಅಲ್ಲೇ ಅತ್ತುಬಿಟ್ಟಳು.

ಲೇಸರ್ ಮೇಲೆ ನನಗೆ ಸಿಟ್ಟಿಲ್ಲ. ಅದು ಒಂದು ಸಲಕ್ಕೆ ಮೈಕ್ರಾನ್‌ನ ಕಾಲು ಭಾಗದಷ್ಟು ಮಾತ್ರ ತೆಗೆಯುತ್ತದಂತೆ. ಅಷ್ಟು ಕರಾರುವಾಕ್ಕಾದ ಮೆಷಿನ್ ಮುಂದೆ ಅಳತೆಯನ್ನೇ ಮಾಡದ ಕಣ್ಣು ತಂದು ಮಲಗಿಸುವುದು ಯಾವ ನ್ಯಾಯ? ಆಪರೇಷನ್ ಆದಮೇಲೆ ಕೆಲವು ತಿಂಗಳು ಕಣ್ಣು ಒಣಗಬಹುದು, ರಾತ್ರಿ ದೀಪದ ಸುತ್ತ ಬಳೆ ಬಳೆ ಕಾಣಬಹುದು ಅಂತಲೂ ಶಿಬಿರದಲ್ಲಿ ಯಾರೂ ಹೇಳಲಿಲ್ಲ.

ಅಡ್ವಾನ್ಸ್ ಕೇಳಿದರೆ ಫೋನ್ ಎತ್ತುವುದಿಲ್ಲ. ದೂರು ಕೊಡಲು ಹೋದರೆ ‘ಸಾಹೇಬ್ರು ಮೀಟಿಂಗ್‌ನಲ್ಲಿದ್ದಾರೆ’. ಹೋದ ಮಳೆಗಾಲದಲ್ಲಿ ಕರೆಂಟ್ ಕಂಬ ಬಿದ್ದು ಒಂಬತ್ತು ದಿನ ಕತ್ತಲಲ್ಲಿ ಕೂತಾಗಲೂ ಇದೇ ಉತ್ತರ ಸಿಕ್ಕಿತ್ತು. ಯಾವ ಸಾಹೇಬರಾದರೂ ಅದೇ ಮೀಟಿಂಗ್.

ಈ ಶಿಬಿರಕ್ಕೆ ಒಪ್ಪಿಗೆ ಕೊಟ್ಟವರು ಯಾರು ಅಂತ ಹೇಳಲಿ. ಸ್ಕ್ಯಾನ್ ಮಾಡದೆ ಫಿಟ್ ಅನ್ನುವವರನ್ನು ತಡೆಯಲಿ, ಇಲ್ಲವೇ ಆ ಸ್ಕ್ಯಾನ್ ಜಿಲ್ಲೆಯಲ್ಲೇ ಸಿಗುವಂತೆ ಮಾಡಲಿ. ಏನಾದರೂ ಒಂದು ಮಾಡಲಿ. ಸಂಬಳ ತೆಗೆದುಕೊಳ್ಳುವವರು ಒಮ್ಮೆಯಾದರೂ ಕುರ್ಚಿ ಬಿಟ್ಟು ಆ ಶಿಬಿರಕ್ಕೆ ಹೋಗಿ ನೋಡಬಾರದಾ?

– ಒಬ್ಬ ತಂದೆ, ಸುಂಟಿಕೊಪ್ಪ