ಹಳೇ ಫೋನ್ ಕಳಿಸು ಅಂದ ತಮ್ಮನಿಗೆ

ಲಂಡನ್

ಪ್ರೀತಿಯ ತಮ್ಮನಿಗೆ,

ನಿನ್ನ ವಾಯ್ಸ್ ಮೆಸೇಜ್ ಕೇಳಿದೆ. ದೀಪಾವಳಿಗೆ ಊರಿಗೆ ಬರುವವರ ಕೈಲಿ ಹಳೇ ಐಫೋನ್ ನಾಲ್ಕೈದು ಕಳಿಸು, ಕುಮಟಾದ ನಮ್ಮ ಅಂಗಡಿಯಲ್ಲಿ ಒಳ್ಳೇ ಗಿರಾಕಿ ಇದ್ದಾರೆ ಅಂದೆ. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ "ಆಯ್ತು ಅಕ್ಕ" ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಕಳಿಸುವುದಿಲ್ಲ. ಸಿಟ್ಟು ಮಾಡಿಕೊಳ್ಳದೆ ಪೂರ್ತಿ ಓದು.

ಇಲ್ಲಿ ಹಳೇ ಫೋನ್ ಅಗ್ಗ ಅನ್ನುವುದು ನಿಜ. ಆದರೆ ತೀರಾ ಅಗ್ಗಕ್ಕೆ ಕೊಡುತ್ತಾರೆ ಅಂದರೆ ಏನೋ ಐಬು ಇದೆ ಅಂತಲೇ ಲೆಕ್ಕ. ಈ ಊರಿನಲ್ಲಿ ರಸ್ತೆ ಬದಿ ನಿಂತು ಮ್ಯಾಪ್ ನೋಡುತ್ತಿದ್ದರೆ, ಎಲೆಕ್ಟ್ರಿಕ್ ಬೈಕಿನಲ್ಲಿ ಬಂದವನು ಫೋನ್ ಕಿತ್ತುಕೊಂಡು ಹೋಗುವುದು ಮಾಮೂಲು. 2025ರಲ್ಲಿ ಇಲ್ಲಿಯ ಪೊಲೀಸರು ಒಂದು ಗ್ಯಾಂಗ್ ಹಿಡಿದರು. ಒಂದೇ ವರ್ಷದಲ್ಲಿ 40,000ದವರೆಗೆ ಕದ್ದ ಫೋನ್ ಚೀನಾಕ್ಕೆ ಸಾಗಿಸಿರಬಹುದು ಅಂತ ಅವರ ಅನುಮಾನ. ಅಂಥ ಮಾಲು ನಮ್ಮ ಕುಮಟಾದ ಕೌಂಟರಿಗೂ ಬರುವುದು ಬೇಡ.

"ಐಎಂಇಐ, ಅಂದರೆ ಫೋನಿನ ಗುರುತಿನ ನಂಬರ್, ಚೆಕ್ ಮಾಡಿದರೆ ಆಯ್ತಲ್ಲ" ಅಂತ ನೀನು ಹೇಳುತ್ತೀಯ, ಗೊತ್ತು. ನನ್ನ ಜೊತೆ ಮನೆಯಲ್ಲಿರುವ ಹುಡುಗಿ ಅದನ್ನೇ ಮಾಡಿದ್ದಳು. ಆನ್‌ಲೈನಿನಲ್ಲಿ ಸಿಕ್ಕ ಮಾರಾಟಗಾರನನ್ನು ಸ್ಟೇಷನ್ ಪಕ್ಕದ ಕಾಫಿ ಅಂಗಡಿಯಲ್ಲಿ ಭೇಟಿಯಾದಳು. ವೆಬ್‌ಸೈಟಿನಲ್ಲಿ ಆ ನಂಬರ್ ಹಾಕಿ ನೋಡಿದಳು, ಕ್ಲೀನ್, ಬ್ಲಾಕ್ ಆಗಿಲ್ಲ ಅಂತ ಬಂತು. ತನ್ನ ಸಿಮ್ ಹಾಕಿ ಅಲ್ಲೇ ಕೂತು ನನಗೆ ಕಾಲ್ ಮಾಡಿದಳು. ಕ್ಯಾಶ್ ಕೊಟ್ಟಳು. ಕೆಲವು ವಾರ ಎಲ್ಲ ಸರಿ ಇತ್ತು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಸಿಗ್ನಲ್ಲೇ ಇಲ್ಲ. ಸಿಮ್ ತೆಗೆದು ಒರೆಸಿ ಹಾಕಿದಳು, ನನ್ನ ಸಿಮ್ ಹಾಕಿದಳು, ರೀಸೆಟ್ ಮಾಡಿದಳು. ವೈಫೈ ಬರುತ್ತದೆ, ಕ್ಯಾಮೆರಾ ನಡೆಯುತ್ತದೆ, ಕಾಲ್ ಮಾತ್ರ ಇಲ್ಲ. ವಿಚಾರಿಸಿದರೆ, ಫೋನ್ ಕಳೆದುಹೋಗಿದೆ ಅಂತ ಮೊದಲಿನ ಮಾಲೀಕ ದೂರು ಕೊಟ್ಟಿದ್ದಾನೆ, ಬ್ಲಾಕ್ ಆಗಿದೆ ಅಂದರು. ಇವಳಿಗೆ ಮಾರಿದ್ದೂ ಅವನೇ! ಮಾರಿದ ದುಡ್ಡು ಒಂದು ಕಡೆ, ಇನ್ಶೂರೆನ್ಸ್ ದುಡ್ಡು ಇನ್ನೊಂದು ಕಡೆ. ಅವನ ನಂಬರ್ ಸ್ವಿಚ್ ಆಫ್.

ಅವಳು ಚೆಕ್ ಮಾಡಿದ್ದರಲ್ಲಿ ತಪ್ಪೇನೂ ಇರಲಿಲ್ಲ ನೋಡು. ಆವತ್ತು ಅದು ಕ್ಲೀನೇ ಇತ್ತು. ಆ ವೆಬ್‌ಸೈಟ್ ಹೇಳುವುದು ಇವತ್ತಿನ ಮಾತು, ಮುಂದಿನ ತಿಂಗಳದ್ದಲ್ಲ. ಕಂತಿನಲ್ಲಿ ತಗೊಂಡ ಫೋನಿನದೂ ಇದೇ ಕತೆ. ಅರ್ಧ ಕಂತು ಕಟ್ಟಿ ಮಾರಿಬಿಡುತ್ತಾರೆ, ಆಮೇಲೆ ಕಟ್ಟುವುದು ನಿಲ್ಲಿಸುತ್ತಾರೆ, ಕಂಪನಿ ಬ್ಲಾಕ್ ಮಾಡುತ್ತದೆ. ಪೆಟ್ಟು ಬೀಳುವುದು ಕೊಂಡವನಿಗೆ.

"ಅಲ್ಲಿ ಬ್ಲಾಕ್ ಆದದ್ದು ನಮ್ಮಲ್ಲಿ ನಡೀತದೆ" ಅಂತಲೂ ಅಂದೆಯಲ್ಲ. ನಡೆಯಲೂಬಹುದು. ಬ್ಲಾಕ್ ಆದ ಫೋನುಗಳ ಪಟ್ಟಿ ಎಲ್ಲ ದೇಶದಲ್ಲೂ ಒಂದೇ ಅಲ್ಲ. ಆದರೆ ಹಳೇ ಮಾಲೀಕನ ಆಪಲ್ ಅಕೌಂಟ್ ಫೋನಿನಲ್ಲಿ ಉಳಿದಿದ್ದರೆ ಅವನ ಪಾಸ್‌ವರ್ಡ್ ಇಲ್ಲದೆ ಅದು ತೆರೆಯುವುದೇ ಇಲ್ಲ. ಬಿಚ್ಚಿ ಪಾರ್ಟ್ಸ್ ಮಾರೋಣ ಅಂದರೆ ಅದಕ್ಕೂ ಈಗ ಕಷ್ಟ. 2024ರಲ್ಲಿ ಬಂದ ಐಫೋನ್ ಸಾಫ್ಟ್‌ವೇರ್ ಐಒಎಸ್ 18ರಿಂದ ಆ ಲಾಕ್ ಬ್ಯಾಟರಿ, ಕ್ಯಾಮೆರಾ, ಡಿಸ್‌ಪ್ಲೇಗೂ ಅಂಟಿಕೊಂಡು ಬರುತ್ತದೆ. ರಿಪೇರಿ ಮಾಡುವ ನಿನಗೆ ಇದು ನನಗಿಂತ ಚೆನ್ನಾಗಿ ಗೊತ್ತಿರಬೇಕು.

ಇನ್ನು ಊರಿನ ಮಾತು. ನನಗೆ ಜಾಸ್ತಿ ಹೆದರಿಕೆ ಇರುವುದು ಇಲ್ಲಿಯ ಫೋನಿಗಲ್ಲ, ನಿನ್ನ ಕೌಂಟರಿಗೇ ನಡೆದು ಬರುವ ಫೋನಿಗೆ. ಶಿರಸಿಯ ಮಾರಿಕಾಂಬಾ ಜಾತ್ರೆಯಂಥ ರಶ್ಶಿನಲ್ಲಿ ಎಷ್ಟು ಜೇಬಿಗೆ ಕೈ ಬೀಳುತ್ತದೆ ಅಂತ ನಿನಗೆ ಹೇಳಬೇಕಾ? ಜಾತ್ರೆ ಮುಗಿದ ವಾರ ಯಾರಾದರೂ ಬಿಲ್ಲಿಲ್ಲದೆ, ಬಾಕ್ಸಿಲ್ಲದೆ, "ಅರ್ಜೆಂಟ್ ದುಡ್ಡು ಬೇಕಿತ್ತು" ಅಂತ ಬಂದರೆ ಕೈ ಮುಗಿದು ಕಳಿಸು. 2023ರ ಮೇ ತಿಂಗಳಿಂದ ಸರ್ಕಾರದ ಸಂಚಾರ್ ಸಾಥಿ ಪೋರ್ಟಲ್ ಇಡೀ ದೇಶಕ್ಕೆ ಬಂದಿದೆ. ಫೋನ್ ಕಳಕೊಂಡವರು ದೂರು ಕೊಟ್ಟು ಅದರಲ್ಲಿ ಬ್ಲಾಕ್ ಮಾಡಿಸುತ್ತಾರೆ. ಆಮೇಲೆ ಯಾರಾದರೂ ಅದಕ್ಕೆ ಸಿಮ್ ಹಾಕಿದರೆ ಪೊಲೀಸರಿಗೆ ಸುಳಿವು ಹೋಗುತ್ತದೆ. ಹುಡುಕಿದ ಫೋನುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ಮಾಲೀಕರಿಗೆ ವಾಪಸ್ ಕೊಡುವ ಫೋಟೋ ಪೇಪರಲ್ಲಿ ನೋಡಿದ್ದೀಯಲ್ಲ? ಆ ಒಂದೊಂದು ಫೋನಿನ ಹಿಂದೆಯೂ ದುಡ್ಡು ಕೊಟ್ಟು ಕೊಂಡು ಕಳಕೊಂಡವನೊಬ್ಬ ಇರಬಹುದು. ಅವನ ಫೋಟೋ ಯಾರೂ ಹಾಕುವುದಿಲ್ಲ. ಅವನು ಬಂದು ಜಗಳ ಮಾಡುವುದು ಮಾರಿದ ಅಂಗಡಿಯಲ್ಲಿ.

ಹುಬ್ಬಳ್ಳಿಯಲ್ಲಿ ಯಾರೋ ಐಎಂಇಐ ನಂಬರ್ ಬದಲಿಸಿ ಕೊಡುತ್ತಾರೆ ಅಂತ ತಮಾಷೆಗೆ ಅಂದೆಯೋ, ನಿಜಕ್ಕೆ ಅಂದೆಯೋ ತಿಳಿಯಲಿಲ್ಲ. ಆ ಕಡೆ ತಲೆ ಹಾಕಬೇಡ ಮಾರಾಯ. 2023ರ ಟೆಲಿಕಾಂ ಕಾಯ್ದೆಯಲ್ಲಿ ಅದಕ್ಕೆ 3 ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ. ಬದಲಿಸಿದ್ದು ಅಂತ ಗೊತ್ತಿದ್ದೂ ಇಟ್ಟುಕೊಂಡರೂ ತಪ್ಪೇ. 2020ರಲ್ಲಿ ಮೀರತ್ ಪೊಲೀಸರು ತನಿಖೆ ಮಾಡುವಾಗ ಒಂದೇ ಐಎಂಇಐನಲ್ಲಿ 13,000ಕ್ಕೂ ಜಾಸ್ತಿ ಫೋನ್ ನಡೆಯುತ್ತಿದ್ದದ್ದು ಸಿಕ್ಕಿತ್ತು. ಅಂಥದರಲ್ಲಿ ಒಬ್ಬ ಏನೋ ಮಾಡಿದರೆ ಉಳಿದವರ ಮನೆ ಬಾಗಿಲಿಗೂ ಪೊಲೀಸರು ಬರಬಹುದು.

ವ್ಯಾಪಾರ ಬಿಡು ಅನ್ನುತ್ತಿಲ್ಲ. ಹಳೇ ಫೋನ್ ತಗೊಳ್ಳುವಾಗ *#06# ಒತ್ತಿ ಬರುವ 15 ಅಂಕಿಯ ನಂಬರು ಬಾಕ್ಸ್ ಮತ್ತು ಬಿಲ್ಲಿನ ಮೇಲಿನದಕ್ಕೆ ಹೊಂದುತ್ತದಾ ನೋಡು. ಎರಡು ಸಿಮ್ಮಿನ ಫೋನಿಗೆ ಎರಡು ನಂಬರ್ ಇರುತ್ತದೆ, ಒಂದೇ ನೋಡಿ ಬಿಡಬೇಡ. ಇಂಗ್ಲಿಷಿನಲ್ಲಿ ಕೆವೈಎಂ ಅಂತ ಟೈಪ್ ಮಾಡಿ, ಜಾಗ ಬಿಟ್ಟು ಆ ನಂಬರ್ ಹಾಕಿ 14422ಕ್ಕೆ ಎಸ್‌ಎಂಎಸ್ ಕಳಿಸಿದರೆ ಉತ್ತರ ಬರುತ್ತದೆ. ಬ್ಲ್ಯಾಕ್‌ಲಿಸ್ಟ್ ಅಂತಲೋ ಡುಪ್ಲಿಕೇಟ್ ಅಂತಲೋ ಬಂದರೆ ಮುಟ್ಟಲೇಬೇಡ. ಹಳೇ ಫೋನ್ ಮಾರುವವರು ಮೊದಲು ಪಟ್ಟಿ ನೋಡಲೇಬೇಕು ಅಂತ 2025ರ ಅಕ್ಟೋಬರಿನಲ್ಲಿ ನಿಯಮವೂ ಬಂದಿದೆ. ಆದರೆ ಮೇಲೆ ಹೇಳಿದೆನಲ್ಲ, ಪಟ್ಟಿ ಇವತ್ತಿನದು ಮಾತ್ರ. ನಾಳೆಗೆ ನಿನ್ನನ್ನು ಕಾಯುವುದು ಮಾರಿದವನ ಗುರುತು. ಅವನ ಆಧಾರ್ ಕಾಪಿ, ಸಹಿ, ಬಿಲ್ಲು ಎಲ್ಲ ಒಂದು ಪುಸ್ತಕದಲ್ಲಿ ಇಡು. ಕ್ಯಾಶ್ ಬೇಡ, ಯುಪಿಐನಲ್ಲೇ ಕೊಡು. ಅವನ ಅಕೌಂಟ್ ಅವನ ಕೈಯಲ್ಲೇ ಲಾಗ್ ಔಟ್ ಮಾಡಿಸು. ಇಷ್ಟು ಕೇಳಿದ ಕೂಡಲೇ ಅರ್ಧ ಜನ ಎದ್ದು ಹೋಗುತ್ತಾರೆ. ಹೋಗಲಿ.

ಆಯಿಗೆ ಇದನ್ನು ಓದಿ ಹೇಳು. ಕಪಾಟಿನಲ್ಲಿದ್ದ ಹಳೇ ಫೋನುಗಳನ್ನು ಸೈಕಲ್ಲಿನವನಿಗೆ ಕೊಟ್ಟು ಪ್ಲಾಸ್ಟಿಕ್ ಬಕೆಟ್ ತಗೊಂಡಳಂತೆ, ಎಷ್ಟು ಖುಷಿಯಲ್ಲಿ ಹೇಳಿದಳು! ಬಕೆಟ್ ಚೆನ್ನಾಗಿಯೇ ಇರಬಹುದು. ಆದರೆ ತೆಲಂಗಾಣದಲ್ಲಿ 2024ರಲ್ಲಿ ಹೀಗೇ ಊರೂರು ಸುತ್ತಿ ಸಾಮಾನು ಕೊಟ್ಟು ಕೂಡಿಸಿದ್ದ ಸುಮಾರು 4,000 ಹಳೇ ಫೋನ್ ಪೊಲೀಸರಿಗೆ ಸಿಕ್ಕಿತು. ಸೈಬರ್ ಮೋಸ ಮಾಡುವವರಿಗೆ ಹೋಗುವ ಮಾಲಂತೆ. ಕೊಟ್ಟದ್ದರಲ್ಲಿ ಸಿಮ್ ಉಳಿದಿತ್ತಾ ಅಂತ ಕೇಳು. ಉಳಿದಿದ್ದರೆ ನಾಳೆಯೇ ಆ ನಂಬರ್ ಬಂದ್ ಮಾಡಿಸು. ಅಪ್ಪನ ಹೆಸರಿನಲ್ಲಿ ಎಷ್ಟು ಸಿಮ್ ಇದೆ ಅಂತಲೂ ಸಂಚಾರ್ ಸಾಥಿಯಲ್ಲೇ ನೋಡಬಹುದು.

ಅಪ್ಪನಿಗೆ ಮಾತ್ರ ಹಳೇದು ಬೇಡ. ಅಕ್ಷರ ದೊಡ್ಡದಾಗಿ ಕಾಣುವ ಹೊಸ ಫೋನೇ ತೆಗೆದುಕೊಡು, ಬಿಲ್ ಅವರ ಹೆಸರಿಗೇ ಇರಲಿ. ಅರ್ಧ ದುಡ್ಡು ನಾನು ಹಾಕುತ್ತೇನೆ. ಯಾವುದು ಅಂತ ನೋಡಿ ಈ ವಾರದೊಳಗೆ ರೇಟ್ ತಿಳಿಸು.

ನಿನ್ನ ಅಕ್ಕ