ಮಾಮಾನನ್ನೇ ಮದುವೆಯಾದವಳು ಬರೆಯುತ್ತಿದ್ದೇನೆ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ಇದೇ ಅಂಕಣದಲ್ಲಿ ಓದುಗರೊಬ್ಬರು ಅಕ್ಕನ ಮಗಳನ್ನು ಮದುವೆಯಾಗುವುದು ನಾಗರಿಕರ ಕೆಲಸವಲ್ಲ ಎಂದು ಬರೆದಿದ್ದರು. ಓದಿ ನಗು ಬಂತು, ಸ್ವಲ್ಪ ಸಿಟ್ಟೂ ಬಂತು. ಯಾಕೆಂದರೆ 1984ರಲ್ಲಿ ನನ್ನ ಲಗ್ನವಾದದ್ದು ನನ್ನ ಅವ್ವನ ಸಣ್ಣ ತಮ್ಮನ ಜೊತೆಗೇ. ನನ್ನ ಆಯಿಯೇ, ಅಂದರೆ ಅವ್ವನ ತಾಯಿಯೇ, ನನಗೆ ಅತ್ತೆಯಾದಳು. ಅವ್ವ ನಮ್ಮ ಯಜಮಾನರಿಗೆ ಅಕ್ಕನೂ ಹೌದು, ಅತ್ತೆಯೂ ಹೌದು. ಹುಟ್ಟಿದಾಗಿನಿಂದ 'ಮಾಮಾ' ಎಂದ ಬಾಯಿಗೆ 'ರೀ' ರೂಢಿಯಾಗಲು ಎರಡು ವರ್ಷ ಹಿಡಿಯಿತು.

ಆಗ ಯಾರೂ ಅದನ್ನು ವಿಚಿತ್ರ ಎನ್ನಲಿಲ್ಲ. ಹೊರಗೆ ಕೊಟ್ಟಿದ್ದರೇ 'ಮನ್ಯಾಗ ಹುಡುಗ ಇದ್ದಾಗ ಹೊರಗ್ಯಾಕ ಕೊಟ್ರಿ?' ಎಂದು ಕೇಳುತ್ತಿದ್ದರು. ನಮ್ಮ ಮಾತಿನಲ್ಲೇ ಇದು ಕೂತುಬಿಟ್ಟಿದೆ ನೋಡಿ. ಅವ್ವನ ತಮ್ಮನೂ ಮಾವ, ಗಂಡನ ಅಪ್ಪನೂ ಮಾವ. ಅಪ್ಪನ ತಂಗಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ಗಂಡಸಿಗೆ ಅಕ್ಕನ ಮಗನೂ ಅಳಿಯ, ಮಗಳ ಗಂಡನೂ ಅಳಿಯ. ಅದೇ ಕಾಕಾನ ಮಕ್ಕಳು, ದೊಡ್ಡವ್ವನ ಮಕ್ಕಳು ಅಂದರೆ ಅಣ್ಣತಂಗಿಯರು. ಅಲ್ಲಿ ಲಗ್ನದ ಮಾತೇ ಇಲ್ಲ. ವರಸೆ ಗೊತ್ತಿದ್ದರೆ ಯಾರನ್ನು ಆಗಬಹುದು, ಯಾರನ್ನು ಆಗಬಾರದು ಎಂದು ಸಣ್ಣ ಹುಡುಗಿಯೂ ಹೇಳುತ್ತಾಳೆ.

ಈಗ ನಮ್ಮ ಓಣಿಯ ಕಥೆ ಕೇಳಿ. ಬೀದರಿನಲ್ಲಿ ವಾಯುಪಡೆ ಕೇಂದ್ರ ಇರುವುದರಿಂದ ಎಲ್ಲೆಲ್ಲಿಯವರೋ ಬಂದು ಇರುತ್ತಾರೆ. ನಮ್ಮ ಎಡಕ್ಕೆ ಹರಿಯಾಣದ ಹೆಣ್ಣುಮಗಳು, ಬಲಕ್ಕೆ ಇಲ್ಲಿನವರೇ ಆದ ಮುಸ್ಲಿಂ ಆಪಾ (ಅಕ್ಕ). ಒಂದು ಸಂಜೆ ಮೂವರೂ ಹಸಿ ತೊಗರಿಕಾಯಿ ಸುಲಿಯುತ್ತಾ ಕೂತಾಗ ನನ್ನ ಲಗ್ನದ ವಿಷಯ ಬಂತು. ಹರಿಯಾಣದವಳು ಬಾಯಿ ಮೇಲೆ ಕೈ ಇಟ್ಟುಕೊಂಡಳು. ಅವರಲ್ಲಿ ತಂದೆಯ ಗೋತ್ರವೂ ಆಗುವುದಿಲ್ಲ, ತಾಯಿಯ ಗೋತ್ರವೂ ಆಗುವುದಿಲ್ಲ. ಊರಿನ ಹುಡುಗರೆಲ್ಲ ಅಣ್ಣತಮ್ಮಂದಿರೇ. ಆಪಾ ಕೂಡ ತಲೆ ಆಡಿಸಿದರು, ಮಾಮಾನನ್ನು ಆಗುವುದು ಅವರಲ್ಲಿ ಹರಾಮ್. ಆದರೆ ಅವರು ಆಗಿರುವುದು ಸ್ವಂತ ಚಾಚಾನ, ಅಂದರೆ ಕಾಕಾನ ಮಗನನ್ನು! ಬಾಯಿ ಮೇಲೆ ಕೈ ಇಡುವ ಸರದಿ ಈಗ ನನ್ನದು. ಅವರದು ಇನ್ನೊಂದು ನಿಯಮವೂ ಇದೆ. ಒಬ್ಬಳೇ ತಾಯಿಯ ಎದೆಹಾಲು ಕುಡಿದು ಬೆಳೆದವರು ಬೇರೆ ಬೇರೆ ಮನೆಯವರಾದರೂ ಒಡಹುಟ್ಟಿದವರ ಲೆಕ್ಕ, ಮದುವೆಯಾಗುವಂತಿಲ್ಲ. ನನಗೆ ಇದು ಬಹಳ ಚಂದ ಅನಿಸಿತು.

ಅಷ್ಟು ದೂರ ಯಾಕೆ? ನಮ್ಮ ರಾಜ್ಯದ್ದೇ ಮಂಗಳೂರು ಕಡೆ ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದ ಬಂಟರಲ್ಲಿ 'ಬಳಿ' (ಗೋತ್ರದ ಹಾಗೆ ವಂಶದ ಗುರುತು) ತಾಯಿಯಿಂದ ಬರುತ್ತದೆ. ಸೋದರಮಾವನದೂ ಅಕ್ಕನ ಮಗಳದೂ ಒಂದೇ ಬಳಿ. ಹಾಗಾಗಿ ನನ್ನಂಥ ಮದುವೆ ಅಲ್ಲಿ ನಡೆಯದು. ದಕ್ಷಿಣ ಕೊರಿಯಾದಲ್ಲಂತೂ ಒಂದೇ ಅಡ್ಡಹೆಸರು, ಒಂದೇ ಮೂಲ ಊರಿನ ವಂಶದವರು ಮದುವೆಯಾಗಬಾರದು ಎಂಬ ಕಾನೂನೇ ಇತ್ತು. 1997ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಅದು ಸರಿಯಲ್ಲ ಎಂದಿತು. ಬರೀ ಅಡ್ಡಹೆಸರು ನೋಡಿ ತಡೆಯುವುದಾದರೆ ನಮ್ಮ ಕಡೆ ಅರ್ಧ ಪಾಟೀಲರು ಲಗ್ನವಿಲ್ಲದೇ ಉಳಿಯುತ್ತಿದ್ದರು.

ಈ ಜಗಳ ಹೊಸದೂ ಅಲ್ಲ. ಎರಡು ಸಾವಿರ ವರ್ಷಕ್ಕೂ ಹಳೆಯದಾದ ಬೌಧಾಯನ ಧರ್ಮಸೂತ್ರದಲ್ಲಿ ದಕ್ಷಿಣದವರಿಗಷ್ಟೇ ಇರುವ ಐದು ರೂಢಿಗಳ ಪಟ್ಟಿ ಇದೆ. ಸೋದರಮಾವನ ಮಗಳನ್ನು, ಸೋದರತ್ತೆಯ ಮಗಳನ್ನು ಮದುವೆಯಾಗುವುದು ಅದರಲ್ಲಿವೆ. ಹೆಂಡತಿ ಜೊತೆ ಕೂತು ಉಣ್ಣುವುದು, ತಂಗಳು ತಿನ್ನುವುದು ಕೂಡ ಇವೆ. (ತಂಗಳು ರೊಟ್ಟಿಯನ್ನು ನಾವು ಇನ್ನೂ ಬಿಟ್ಟಿಲ್ಲ.) ಉತ್ತರದವರ ಪಟ್ಟಿಯಲ್ಲಿ ಉಣ್ಣೆ ಮಾರುವುದು, ಹೆಂಡ ಕುಡಿಯುವುದು, ಸಮುದ್ರ ದಾಟುವುದು. ಅವರ ರೂಢಿ ಇವರು ಮಾಡಿದರೆ ತಪ್ಪು, ಅವರವರ ಸೀಮೆಯಲ್ಲಿ ತಪ್ಪಲ್ಲ ಎಂಬುದು ಅಲ್ಲಿನ ಮಾತು. ಅಕ್ಕನ ಮಗಳು ಆ ಪಟ್ಟಿಯಲ್ಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. 1955ರ ಹಿಂದೂ ವಿವಾಹ ಕಾಯ್ದೆಯೂ ಹೆಚ್ಚುಕಡಿಮೆ ಇದೇ ದಾರಿ ಹಿಡಿದಿದೆ. ಸೋದರಮಾವ-ಅಕ್ಕನ ಮಗಳು, ಅಣ್ಣತಂಗಿಯರ ಮಕ್ಕಳು ಮದುವೆಯಾಗಬಾರದು ಎಂದು ಹೇಳಿ, ರೂಢಿಯಲ್ಲಿದ್ದರೆ ಆಗಬಹುದು ಎಂದು ಬಿಟ್ಟಿದೆ.

ಹಾಗಂತ ನಾನು ಹಳೇ ಸಂಬಂಧದ, ಅಂದರೆ ರಕ್ತಸಂಬಂಧದಲ್ಲೇ ಆಗುವ ಲಗ್ನದ ಪರ ವಕಾಲತ್ತು ಮಾಡುತ್ತಿಲ್ಲ. ನನ್ನ ಇಬ್ಬರು ಹೆಣ್ಣುಮಕ್ಕಳನ್ನೂ ಹೊರಗೇ ಕೊಟ್ಟಿದ್ದೇನೆ. 'ಈ ಸಲ ಬ್ಯಾಡ' ಎಂದು ಮೊದಲು ಹೇಳಿದವರು ನಮ್ಮ ಯಜಮಾನರೇ. ನಮ್ಮ ಬಳಗದಲ್ಲಿ ಎರಡು ಮಕ್ಕಳು ಕಿವಿ ಕೇಳದೇ ಹುಟ್ಟಿವೆ. ಯಾವ ಮಗುವಿಗಾದರೂ ಹುಟ್ಟಿನಿಂದ ದೊಡ್ಡ ತೊಂದರೆ ಇರುವ ಸಾಧ್ಯತೆ ನೂರಕ್ಕೆ ಎರಡು ಮೂರು. ಅತ್ತೆ ಮಗ, ಮಾವನ ಮಗಳು ಎಂದು ಮದುವೆಯಾದವರಲ್ಲಿ ಅದು ಸುಮಾರು ಇಮ್ಮಡಿ. ಸೋದರಮಾವ ಅಂದರೆ ರಕ್ತ ಇನ್ನೂ ಹತ್ತಿರದ್ದು. ಅತ್ತೆ ಮಗ, ಮಾವನ ಮಗಳ ನಡುವೆ ಎಂಟನೇ ಒಂದು ಪಾಲು ಜೀನ್ ಒಂದೇ ಆದರೆ, ನನ್ನ ನಮ್ಮ ಯಜಮಾನರ ನಡುವೆ ನಾಲ್ಕನೇ ಒಂದು ಪಾಲು. ನಮ್ಮ ಮಕ್ಕಳಿಗೆ ಏನೂ ಆಗಲಿಲ್ಲ, ಅದು ನಮ್ಮ ನಸೀಬು. ಇನ್ನೊಂದು ಮಾತು. ಹತ್ತೊಂಬತ್ತನೇ ವಯಸ್ಸಿನಲ್ಲಿ ನನ್ನನ್ನು ಯಾರೂ ಕೇಳಲಿಲ್ಲ. ಹೊಲ ಮನೆಯಲ್ಲೇ ಉಳಿಯುತ್ತದೆ, ಬಂಗಾರದ ಖರ್ಚಿಲ್ಲ ಎಂದು ಹಿರಿಯರು ಕೂತು ಮುಗಿಸಿಬಿಟ್ಟರು.

ಆ ಓದುಗರು ಇದನ್ನು ಬರೆದಿದ್ದರೆ ನಾನು ಒಪ್ಪುತ್ತಿದ್ದೆ. ಸುಮ್ನೆ ಅನಾಗರಿಕ ಎಂದರೆ ನಮ್ಮ ಹಳ್ಳಿಯ ಯಾವ ಅಜ್ಜಿ ಕೇಳುತ್ತಾಳೆ? ಬಸವ ಜಯಂತಿ ಹೊತ್ತಿಗೆ ಲಗ್ನಗಳು ಸಾಲುಗಟ್ಟುತ್ತವೆ. ಅದಕ್ಕೂ ಮೊದಲು ಮಕ್ಕಳ ಡಾಕ್ಟರೊಬ್ಬರಿಂದ ಈ ವಿಷಯವನ್ನು ಸರಳವಾಗಿ ಬರೆಸಿ ನಿಮ್ಮ ಪತ್ರಿಕೆಯಲ್ಲಿ ಹಾಕಿ. ನಮ್ಮ ಓಣಿಯ ಎರಡು ಮನೆಗಳಲ್ಲಿ ಹಳೇ ಸಂಬಂಧದ ಮಾತು ನಡೆದಿದೆ. ಪೇಪರ್ ಕತ್ತರಿಸಿ ನಾನೇ ಕೊಟ್ಟು ಬರುತ್ತೇನೆ.

ಇಂತಿ,
ನಿವೃತ್ತ ಶಿಕ್ಷಕಿ, ಬೀದರ್